ಹೋಮಿ ಭಾಭಾ ಅವರ ಬೆಂಗಳೂರಿನ ವರ್ಷಗಳು ಮತ್ತು ನ್ಯೂಕ್ಲಿಯಸ್ಸಿನ ಅಳತೆ

1909ನೆಯ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು ಜರುಗಿದವು. ಜಮ್‌ಷೆಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಸಂಸ್ಥಾನವು ನೀಡಿದ ಭೂಮಿಯಿಂದಲೂ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಜೊತೆಗಾರರಾದ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬುವರು ತೆಳುವಾದ ಲೋಹದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ, ಅವುಗಳಲ್ಲಿ ಕೆಲವೇ ಕೆಲವು ಬಂದ ದಿಕ್ಕಿಗೇ ಹಿಂದಿರುಗುವುದನ್ನು ಕಂಡು ಬೆರಗಾದರು. ಅಕ್ಟೋಬರ್ 30ರಂದು ಮುಂಬಯಿಯ ಪಾರಸೀ ಮನೆತನವೊಂದರಲ್ಲಿ ಹೋಮಿ ಜಹಾಂಗೀರ್ ಭಾಭಾ ಜನಿಸಿದರು. ಮೂವತ್ತು ವರ್ಷಗಳ ತರುವಾಯ ಈ ಮೂರು ಎಳೆಗಳೂ ಯಶವಂತಪುರದ ಮಗ್ಗುಲಲ್ಲಿರುವ ಆ ಸಂಸ್ಥೆಯ ಆವರಣದಲ್ಲಿಯೇ ಒಂದುಗೂಡಿದವು. ಸಿಂಗಾಪುರ, ಜಾಲಹಳ್ಳಿ, ವಿದ್ಯಾರಣ್ಯಪುರಗಳ ಕಡೆಯಿಂದ ನಗರಕ್ಕೆ ಹೋಗುವವರು ಇಂದಿಗೂ ಅದರ ಗೋಡೆಯ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹಿರಿಯರ ಬಾಯಲ್ಲಿ ಉಳಿದಿರುವ ಆ ಮರಗಳ ನೆರಳಿನಲ್ಲಿ ಭಾಭಾ ಅವರು ಕಳೆದ ಆರು ವರ್ಷಗಳ ಕಥೆ, ಟ್ರಾಂಬೆಯ ರಿಯಾಕ್ಟರುಗಳ ಕಥೆಯಷ್ಟು ಪ್ರಚಾರ ಪಡೆದಿಲ್ಲ. ವಿಜ್ಞಾನಿಯಾಗಿ ಅವರನ್ನು ಅರಿಯಬೇಕೆನ್ನುವವರು ಮೊದಲು ನೋಡಬೇಕಾದದ್ದು ಆ ಆರು ವರ್ಷಗಳನ್ನೇ ಎಂಬುದು ಈ ಲೇಖಕನ ಅಭಿಪ್ರಾಯ.

ಭಾಭಾ ಮನೆತನಕ್ಕೆ ಕನ್ನಡ ನಾಡು ಹೊಸದೇನಲ್ಲ. ಹೋಮಿಯವರ ತಾತ ಹೊರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ; ಆಕ್ಸ್‌ಫರ್ಡಿನಲ್ಲಿ ಓದಿ ವಕೀಲರಾಗಿ, ಆಮೇಲೆ ಮುಂಬಯಿಯಲ್ಲಿ ನೆಲಸಿದರು. ಸೋದರತ್ತೆ ಮೆಹರ್‌ಬಾಯಿಯವರನ್ನು ಸರ್ ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟು ವಿವಾಹವಾಗಿತ್ತು. ಹೀಗೆ ಸಂಸ್ಥಾನದ ಶಾಲೆಗಳನ್ನು ನೋಡಿಕೊಂಡ ಅಧಿಕಾರಿಯ ಮೊಮ್ಮಗನಾಗಿಯೂ ಜಮ್‌ಷೆಡ್‌ಪುರದ ಉಕ್ಕಿನ ಒಡೆಯರ ಬಂಧುವಾಗಿಯೂ ಹುಟ್ಟಿದ ಬಾಲಕನಿಗೆ ಪುಸ್ತಕಗಳಿಗಾಗಲಿ, ಸಂಗೀತದ ಧ್ವನಿಮುದ್ರಿಕೆಗಳಿಗಾಗಲಿ ಕೊರತೆಯಿರಲಿಲ್ಲ. ಚಿತ್ರಕಲೆಯನ್ನೂ ಅವರು ಶ್ರದ್ಧೆಯಿಂದ ಕಲಿತರು.

1927ರಲ್ಲಿ ಅವರು ಕೇಂಬ್ರಿಜ್ ಸೇರಿದಾಗ ಹಿರಿಯರ ಉದ್ದೇಶ ಸ್ಪಷ್ಟವಾಗಿತ್ತು: ಹುಡುಗ ಮೆಕ್ಯಾನಿಕಲ್ ಇಂಜಿನಿಯರನಾಗಿ ಬಂದು ಉಕ್ಕಿನ ಕಾರ್ಖಾನೆಯಲ್ಲಿ ಹೊಣೆ ಹೊರಬೇಕು. ಮರುವರ್ಷವೇ ಮಗನಿಂದ ತಂದೆಗೆ ಪತ್ರ ಹೋಯಿತು. ತನ್ನ ಮನಸ್ಸಿರುವುದು ಭೌತವಿಜ್ಞಾನದಲ್ಲಿ, ವ್ಯಾಪಾರ ತನ್ನ ಸ್ವಭಾವಕ್ಕೆ ಒಗ್ಗದು ಎಂಬುದು ಅದರ ಸಾರ. ತಂದೆ ಬೈಯಲೂ ಇಲ್ಲ, ಸುಮ್ಮನೆ ಒಪ್ಪಲೂ ಇಲ್ಲ. ಇಂಜಿನಿಯರಿಂಗ್ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಗಣಿತ ಓದಲು ಇನ್ನೆರಡು ವರ್ಷ ಹಣ ಒದಗಿಸುವುದಾಗಿ ಹೇಳಿದರು. 1930ರಲ್ಲಿ ಒಂದು ಪ್ರಥಮ ದರ್ಜೆ, 1932ರಲ್ಲಿ ಇನ್ನೊಂದು ಪ್ರಥಮ ದರ್ಜೆ ಬಂದಿತು. ಮಕ್ಕಳ ಮುಂದಿನ ಓದಿನ ಬಗ್ಗೆ ಪೋಷಕರಿಗೆ ಸಲಹೆ ಕೊಡಬೇಕಾಗಿ ಬರುವ ಅಧ್ಯಾಪಕರು ಈ ಒಪ್ಪಂದವನ್ನು ನೆನಪಿನಲ್ಲಿಡಬಹುದು.

ಅವರು ಓದುತ್ತಿದ್ದ ಕಾಲದ ಕೇಂಬ್ರಿಜ್ ಎಂತಹುದು! ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ರುದರ್‌ಫರ್ಡರೇ ಮುಖ್ಯಸ್ಥರಾಗಿದ್ದರು. 1932ರ ಒಂದೇ ವರ್ಷದಲ್ಲಿ ಅಲ್ಲಿ ಚಾಡ್‌ವಿಕ್ಕರು ನ್ಯೂಟ್ರಾನನ್ನು ಕಂಡುಹಿಡಿದರು. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರಬಲದಿಂದ ಓಡಿಸಿದ ಪ್ರೋಟಾನುಗಳಿಂದ ಲಿಥಿಯಮ್ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಒಡೆದರು. ಗಣಿತದ ಕಡೆ ಡಿರಾಕ್ ಇದ್ದರು. ವಿದ್ಯಾರ್ಥಿವೇತನದ ನೆರವಿನಿಂದ ಭಾಭಾ ಅವರು ಜ್ಯೂರಿಕ್‌ನಲ್ಲಿ ಪೌಲಿಯವರ ಬಳಿಯೂ ರೋಮಿನಲ್ಲಿ ಫರ್ಮಿಯವರ ಬಳಿಯೂ ಕಾಲ ಕಳೆದು ಬಂದರು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಆ ದಿನಗಳ ಭೌತವಿಜ್ಞಾನಿಗಳನ್ನು ಕಾಡುತ್ತಿದ್ದ ಪ್ರಶ್ನೆ ಏನೆಂಬುದನ್ನು ವಿವರಿಸುವುದು ಅಗತ್ಯ. ಹಿಂದಿರುಗಿ ಬಂದ ಆಲ್ಫಾ ಕಣಗಳಿಂದ ರುದರ್‌ಫರ್ಡರು 1911ರಲ್ಲಿ ಎರಡು ನಿರ್ಣಯಗಳನ್ನು ಮಾಡಿದ್ದರು. ಪರಮಾಣುವಿನ ಬಹುಪಾಲು ದ್ರವ್ಯರಾಶಿ ಅದರ ನಡುವಿನ ಪುಟ್ಟ ನ್ಯೂಕ್ಲಿಯಸ್ಸಿನಲ್ಲಿ ಅಡಕವಾಗಿದೆ ಎಂಬುದು ಮೊದಲನೆಯದು. ಆ ನ್ಯೂಕ್ಲಿಯಸ್ಸು ಎಷ್ಟು ದೊಡ್ಡದಿರಬಹುದು ಎಂಬ ಮೇಲ್ಮಿತಿ ಎರಡನೆಯದು. ಒಂದು ಸೆಂಟಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಮೂರು ಪಾಲು ತೆಗೆದುಕೊಂಡರೆ, ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಅದಕ್ಕಿಂತ ಹೆಚ್ಚಿರಲಾರದು. ಮುಂದಿನ ಎರಡು ದಶಕಗಳಲ್ಲಿ ಬೇರೆ ಬೇರೆ ಮೂಲವಸ್ತುಗಳ ನ್ಯೂಕ್ಲಿಯಸ್ಸುಗಳ ಅಳತೆ ಒಂದೊಂದಾಗಿ ದೊರೆಯತೊಡಗಿದಾಗ ಸರಳವಾದ ನಿಯಮವೊಂದು ಕಾಣಿಸಿತು. ಒಳಗಿರುವ ಕಣಗಳ ಸಂಖ್ಯೆ ಎಂಟು ಪಟ್ಟಾದರೆ ತ್ರಿಜ್ಯ ಎರಡು ಪಟ್ಟಾಗುತ್ತದೆ. ಆಮ್ಲಜನಕದ ನ್ಯೂಕ್ಲಿಯಸ್ಸಿನಲ್ಲಿ 16 ಕಣಗಳು, ಟೆಲ್ಯೂರಿಯಮ್ಮಿನ ಒಂದು ಬಗೆಯಲ್ಲಿ 128. ಎರಡನೆಯದರ ತ್ರಿಜ್ಯ ಮೊದಲನೆಯದರ ಇಮ್ಮಡಿ ಮಾತ್ರ. ಅಂದರೆ ಗಾತ್ರವು ಕಣಗಳ ಸಂಖ್ಯೆಯ ಪ್ರಮಾಣದಲ್ಲಿಯೇ ಬೆಳೆಯುತ್ತದೆ, ಸಾಂದ್ರತೆ ಬದಲಾಗುವುದಿಲ್ಲ. ರಾಗಿಮುದ್ದೆಯನ್ನು ಮಗುವಿಗೆ ಚಿಕ್ಕದಾಗಿಯೂ ಉಳುವವನಿಗೆ ದೊಡ್ಡದಾಗಿಯೂ ಕಟ್ಟುತ್ತಾರೆ. ಆದರೆ ದೊಡ್ಡ ಮುದ್ದೆ ಚಿಕ್ಕದಕ್ಕಿಂತ ಗಟ್ಟಿಯಾಗಿರುವುದಿಲ್ಲವಷ್ಟೆ.

ಈ ಸಾಧಾರಣ ಸಂಗತಿಯಲ್ಲಿ ದೊಡ್ಡ ಅರ್ಥ ಅಡಗಿತ್ತು. ನ್ಯೂಕ್ಲಿಯಸ್ಸಿನ ಪ್ರತಿಯೊಂದು ಕಣವೂ ಉಳಿದೆಲ್ಲ ಕಣಗಳನ್ನೂ ಸೆಳೆಯುವಂತಿದ್ದರೆ ಕಣಗಳು ಹೆಚ್ಚಿದಂತೆಲ್ಲ ಸೆಳೆತ ಮಿತಿಮೀರಿ ಬೆಳೆದು, ಭಾರವಾದ ನ್ಯೂಕ್ಲಿಯಸ್ಸುಗಳು ಕುಗ್ಗಿ ಹೋಗಬೇಕಾಗಿತ್ತು. ಹಾಗೆ ಆಗುತ್ತಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ನೂರು ಜನರಿದ್ದರೂ ಸಾವಿರ ಜನರಿದ್ದರೂ ಎಡಬಲದವರ ಕೈಯನ್ನು ಮಾತ್ರ ಹಿಡಿಯಬಲ್ಲನಲ್ಲವೆ? ನ್ಯೂಕ್ಲಿಯಸ್ಸಿನ ಕಣವೂ ಹಾಗೆ ತನ್ನ ನೆರೆಯವರನ್ನು ಮಾತ್ರ ಹಿಡಿಯುತ್ತದೆ. ತೀರ ಒತ್ತಿ ಬಂದವರನ್ನು ದೂರ ತಳ್ಳುತ್ತದೆ. ಬೈಜಿಕ ದ್ರವ್ಯವು, ಎಂದರೆ ನ್ಯೂಕ್ಲಿಯಸ್ಸುಗಳು ಯಾವುದರಿಂದ ಆಗಿವೆಯೋ ಆ ದ್ರವ್ಯವು, ನೀರಿನ ಹನಿಯಂತೆ ತನ್ನದೇ ಆದ ಒಂದು ಸಾಂದ್ರತೆಯನ್ನು ಉಳಿಸಿಕೊಳ್ಳುತ್ತದೆ. ಅದನ್ನು ಹಿಡಿದಿಟ್ಟಿರುವ ಬಲ ಮಹಾಬಲವೇ ಆದರೂ ಅದರ ಕೈ ಬಹಳ ಗಿಡ್ಡ.

ಗಿಡ್ಡವೆಂದರೆ ಎಷ್ಟು ಗಿಡ್ಡ? ಜಪಾನಿನ ಯುಕಾವಾ ಅವರು 1935ರಲ್ಲಿ ಈ ಪ್ರಶ್ನೆಯಿಂದಲೇ ಹೊಸ ಕಣವೊಂದನ್ನು ಊಹಿಸಿದರು. ಯಾವುದೇ ಬಲವು ಒಂದು ಕಣದ ವಿನಿಮಯದಿಂದ ಉಂಟಾಗುವುದೆಂದೂ ಆ ಕಣ ಭಾರವಾದಷ್ಟೂ ಬಲದ ಹರವು ಕಿರಿದಾಗುವುದೆಂದೂ ಕ್ವಾಂಟಮ್ ಸಿದ್ಧಾಂತ ತಿಳಿಸುತ್ತದೆ. ನ್ಯೂಕ್ಲಿಯಸ್ಸಿನೊಳಗಿನ ಬಲದ ಹರವಿನಿಂದ ಲೆಕ್ಕ ಹಾಕಿದಾಗ ಕಣದ ದ್ರವ್ಯರಾಶಿ ಎಲೆಕ್ಟ್ರಾನಿನ ಸುಮಾರು 200 ಪಟ್ಟು ಎಂದು ಬಂದಿತು. ಮುಂದಿನ ಎರಡು ವರ್ಷಗಳಲ್ಲಿಯೇ ಅಮೆರಿಕದ ಆಂಡರ್‌ಸನ್ ಮತ್ತು ನೆಡರ್‌ಮೆಯರ್ ವಿಶ್ವಕಿರಣಗಳಲ್ಲಿ ಸರಿಸುಮಾರು ಅಷ್ಟೇ ತೂಕದ ಕಣವನ್ನು ಕಂಡರು. ಬೀಗ ಸಿಕ್ಕಿತು, ಬೀಗದ ಕೈಯೂ ಸಿಕ್ಕಿತು ಎಂದು ಎಲ್ಲರೂ ಹಿಗ್ಗಿದರು.

ಭಾಭಾ ಅವರು ಈ ಹೊತ್ತಿಗೆ ವಿಶ್ವಕಿರಣಗಳ ಸಿದ್ಧಾಂತದಲ್ಲಿ ಹೆಸರು ಮಾಡಿದ್ದರು. ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳು ಒಂದನ್ನೊಂದು ಎದುರಿಸಿ ಚದರುವ ಬಗೆಯನ್ನು 1935ರಲ್ಲಿ ಅವರು ಗಣಿಸಿದ್ದರು. ಅದಕ್ಕೆ ಇಂದಿಗೂ ಭಾಭಾ ಚದರಿಕೆ ಎಂಬ ಹೆಸರಿದೆ. 1937ರಲ್ಲಿ ಹೈಟ್ಲರ್ ಅವರೊಡನೆ ಬರೆದ ಪ್ರಬಂಧದಲ್ಲಿ, ಬಾನಿನಿಂದ ಬಂದ ಒಂದೇ ಎಲೆಕ್ಟ್ರಾನು ವಾಯುಮಂಡಲದಲ್ಲಿ ಹೇಗೆ ಕಿರಣವಾಗಿ, ಕಿರಣ ಹೇಗೆ ಮತ್ತೆರಡು ಕಣಗಳಾಗಿ, ಕವಲೊಡೆಯುತ್ತ ಕವಲೊಡೆಯುತ್ತ ಕಣಗಳ ಮಳೆಯಾಗಿ ಸುರಿಯುವುದೆಂಬುದನ್ನು ತೋರಿಸಿಕೊಟ್ಟರು. ಆ ಮಳೆಯನ್ನು ಸೀಸದ ದಪ್ಪ ಹಲಗೆ ತಡೆದುಬಿಡುತ್ತದೆ. ಸೀಸವನ್ನೂ ದಾಟಿ ಹೋಗುವ ಕಣಗಳು ಬೇರೆ ಜಾತಿಯವು. ಹೊಸದಾಗಿ ಕಂಡ ಭಾರದ ಕಣಗಳೇ ಅವು. 1938ರಲ್ಲಿ ಅವರು ಇನ್ನೊಂದು ಸೂಕ್ಷ್ಮವನ್ನು ಹೊರಗೆಡಹಿದರು. ಈ ಕಣ ಅಲ್ಪಾಯುಷಿಯಾಗಿದ್ದರೂ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವಾಗ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಅನುಸಾರವಾಗಿ ಅದರ ಆಯುಸ್ಸು ನಮ್ಮ ಗಡಿಯಾರಕ್ಕೆ ಹಿಗ್ಗಿ ಕಾಣಬೇಕು ಎಂದರು. ಆ ಕಣದ ಆಯುಸ್ಸು ಸೆಕೆಂಡಿನ ದಶಲಕ್ಷದ ಎರಡು ಪಾಲಿಗಿಂತ ತುಸು ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಏಳುನೂರು ಮೀಟರು ದಾಟಲಾರದು. ಆದರೂ ಹತ್ತಾರು ಕಿಲೋಮೀಟರು ಮೇಲೆ ಹುಟ್ಟಿದ ಕಣಗಳು ನಮ್ಮ ತಲೆಯ ಮೇಲೆ ಬಂದು ಬೀಳುತ್ತಿವೆ.

ಕಣಕ್ಕೆ ಹೆಸರಿಡುವುದರಲ್ಲಿಯೂ ಅವರ ಪಾಲಿದೆ. ಮೆಸೊಟ್ರಾನ್ ಎಂಬ ಹೆಸರು ಬಳಕೆಗೆ ಬರುತ್ತಿತ್ತು. ಎಲೆಕ್ಟ್ರಾನ್, ನ್ಯೂಟ್ರಾನ್ ಎಂಬಲ್ಲಿ ಟಕಾರ ರೇಫೆಗಳು ಮೂಲ ಶಬ್ದಕ್ಕೇ ಸೇರಿದವು. ನಡುವಿನದು ಎಂಬ ಅರ್ಥದ ಗ್ರೀಕ್ ಶಬ್ದದಲ್ಲಿ ಅವು ಇಲ್ಲ. ಆದಕಾರಣ ಮೆಸಾನ್ ಎಂದರೆ ಸಾಕೆಂದು ಅವರು 1939ರಲ್ಲಿ ವಾದಿಸಿದರು. ವ್ಯಾಕರಣ ಗೆದ್ದಿತು.

ಆ ವರ್ಷ ರಜೆಗೆಂದು ಭಾರತಕ್ಕೆ ಬಂದಿದ್ದ ಭಾಭಾ ಅವರು ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದ್ದರಿಂದ ಹಿಂದಿರುಗಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ ರೀಡರ್ ಹುದ್ದೆ ದೊರೆಯಿತು. ಸರ್ ದೊರಾಬ್‌ಜಿ ಟಾಟಾ ಟ್ರಸ್ಟಿನ ಹಣದಿಂದ ವಿಶ್ವಕಿರಣ ಸಂಶೋಧನೆಗೆಂದೇ ಒಂದು ಘಟಕ ಆರಂಭವಾಯಿತು. ಅನಿರೀಕ್ಷಿತವಾಗಿ ಒದಗಿದ ಈ ತಂಗುದಾಣ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1941ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. ಮುಂದಿನ ವರ್ಷ ಪ್ರಾಧ್ಯಾಪಕರಾದರು. ಯಾರನ್ನೂ ಸುಲಭವಾಗಿ ಹೊಗಳದ ರಾಮನ್ನರು ಈ ತರುಣನನ್ನು ಸಭೆಯೊಂದರಲ್ಲಿ ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿ ಪರಿಚಯಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅಲಹಾಬಾದು, ಕಲ್ಕತ್ತೆಗಳಿಂದ ಬಂದ ಆಹ್ವಾನಗಳನ್ನು ಅವರು ನಿರಾಕರಿಸಿದರು.

ಆ ಕಾಲದ ಬೆಂಗಳೂರಿನ ವಿದ್ವತ್ ಸಮೂಹವನ್ನು ನೆನೆದರೆ ಈಗಲೂ ಅಭಿಮಾನವೆನಿಸುತ್ತದೆ. ವಿಕ್ರಮ್ ಸಾರಾಭಾಯಿ ಅವರು ರಾಮನ್ನರ ಬಳಿ ವಿಶ್ವಕಿರಣಗಳ ಏರಿಳಿತವನ್ನು ಅಳೆಯುತ್ತಿದ್ದರು. 1943ರಲ್ಲಿ ಬಂದು ಭಾಭಾ ಅವರೊಡನೆ ಕೆಲಸ ಮಾಡಿದ ಹರೀಶ್‌ಚಂದ್ರರು ಎರಡು ವರ್ಷಗಳ ಅನಂತರ ಡಿರಾಕರ ಶಿಷ್ಯರಾಗಲು ಕೇಂಬ್ರಿಜಿಗೆ ತೆರಳಿ, ಮುಂದೆ ಶತಮಾನದ ಹಿರಿಯ ಗಣಿತಜ್ಞರಲ್ಲಿ ಒಬ್ಬರಾದರು. ಸೆಂಟ್ರಲ್ ಕಾಲೇಜಿನ ಬಿ. ಎಸ್. ಮಾಧವರಾಯರು ಮೆಸಾನ್ ಸಮೀಕರಣಗಳ ಬೀಜಗಣಿತದಲ್ಲಿ ತೊಡಗಿದ್ದರು. ತಿರುವೆಂಕಟಾಚಾರ್ ಮತ್ತು ವೆಂಕಟಾಚಲ ಅಯ್ಯಂಗಾರ್ ಅವರೊಡನೆ ಅವರು ಬರೆದ ಪ್ರಬಂಧ 1946ರಲ್ಲಿ ರಾಯಲ್ ಸೊಸೈಟಿಯ ನಡವಳಿಗಳಲ್ಲಿ ಅಚ್ಚಾಯಿತು. ಭಾಭಾ ಅವರ ಹೆಸರಿನೊಡನೆ ಈ ಮೂವರ ಹೆಸರನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುವವರು ವಿರಳ.

ವಿಶ್ವಕಿರಣಗಳನ್ನು ಅಳೆಯುವುದಕ್ಕೆ ಬೆಂಗಳೂರು ಹೇಳಿ ಮಾಡಿಸಿದ ಊರು. ಭೂಮಿಯ ಕಾಂತಕ್ಷೇತ್ರದ ಸಮಭಾಜಕ ರೇಖೆ ಇಲ್ಲಿಗೆ ಹತ್ತಿರ. ಧ್ರುವಗಳ ಕಡೆ ಒಳನುಸುಳುವ ದುರ್ಬಲ ಕಣಗಳನ್ನು ಆ ಕ್ಷೇತ್ರ ಇಲ್ಲಿ ಹೊರಗೇ ತಿರುಗಿಸಿಬಿಡುವುದರಿಂದ ಮಹಾಶಕ್ತಿಯ ಕಣಗಳು ಮಾತ್ರ ಬಂದು ತಲಪುತ್ತವೆ. 1939-40ರ ಚಳಿಗಾಲದಲ್ಲಿ ಅಮೆರಿಕದ ಮಿಲಿಕನ್ ಅವರ ತಂಡ ಬೆಂಗಳೂರಿನಿಂದಲೂ ಬಲೂನುಗಳನ್ನು ಹಾರಿಸಿತ್ತು. ಸೈದ್ಧಾಂತಿಕರಾದ ಭಾಭಾ ಅವರೂ ಇಲ್ಲಿ ಉಪಕರಣಗಳಿಗೆ ಕೈ ಹಾಕಿದರು. ಗೈಗರ್ ಗಣಕಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸೀಸದ ದಪ್ಪ ತಡೆ ಇಟ್ಟು, ಎಲ್ಲ ಗಣಕಗಳೂ ಒಟ್ಟಿಗೆ ಮಿಡಿದಾಗ ಮಾತ್ರ ಒಂದು ಮೆಸಾನ್ ಹಾದುಹೋಯಿತೆಂದು ಎಣಿಸುವುದು ವಿಧಾನ. ಎಲೆಕ್ಟ್ರಾನುಗಳ ಮಳೆ ಸೀಸದಲ್ಲಿ ನಿಲ್ಲುತ್ತದೆ, ಮೆಸಾನು ದಾಟುತ್ತದೆ. ಕೇಂಬ್ರಿಜಿನಲ್ಲಿ ಬರೆದ ಸಿದ್ಧಾಂತವೇ ಇಲ್ಲಿ ಜರಡಿಯಾಯಿತು. ಯುದ್ಧಕಾಲದಲ್ಲಿ ಇಲ್ಲಿದ್ದ ಅಮೆರಿಕದ ವಾಯುದಳದ ವಿಮಾನವೊಂದರಲ್ಲಿ ಈ ಗಣಕಗಳನ್ನು 30,000 ಅಡಿಗಳವರೆಗೆ ಒಯ್ದು ಎಣಿಸಿದರು. ಚಂದ್ರಶೇಖರ ಅಯ್ಯ ಮೊದಲಾದ ಸಹೋದ್ಯೋಗಿಗಳೊಡನೆ ಬರೆದ ಈ ಫಲಿತಾಂಶಗಳು 1945ರಲ್ಲಿ ಪ್ರಕಟವಾದವು.

ಆದರೆ ಎಣಿಸಿದಷ್ಟೂ ಒಂದು ತೊಡಕು ದೊಡ್ಡದಾಗುತ್ತ ಹೋಯಿತು. ನ್ಯೂಕ್ಲಿಯಸ್ಸನ್ನು ಬಿಗಿದಿಟ್ಟಿರುವ ಅಂಟು ಈ ಮೆಸಾನೇ ಆಗಿದ್ದರೆ, ನ್ಯೂಕ್ಲಿಯಸ್ಸುಗಳ ಬಳಿ ಹಾಯುವಾಗ ಅದು ಅವುಗಳಿಗೆ ಢಿಕ್ಕಿ ಹೊಡೆಯಬೇಕು, ಚದರಬೇಕು, ನುಂಗಲ್ಪಡಬೇಕು. ಸೀಸದ ಹಲಗೆಯನ್ನೇನು, ಬಂಡೆಯನ್ನೂ ಅದು ಏನೂ ಆಗದಂತೆ ದಾಟಿ ಹೋಗುತ್ತಿತ್ತು. ಸಿದ್ಧಾಂತ ಹೇಳುವ ಚದರಿಕೆ ಬಹಳ ಹೆಚ್ಚು, ಕಣ್ಣಿಗೆ ಕಾಣುವುದು ತೀರ ಕಡಮೆ. ಬೆಂಗಳೂರಿನ ವರ್ಷಗಳಲ್ಲಿ ಭಾಭಾ ಅವರ ಲೇಖನಿಯ ಹೆಚ್ಚು ಶ್ರಮ ವೆಚ್ಚವಾದದ್ದು ಈ ಕಂದರವನ್ನು ಮುಚ್ಚುವುದಕ್ಕೆ. ತಿರುಗುವ ಕಣಗಳ ಚಲನೆಯ ಸಮೀಕರಣಗಳನ್ನು ಮೊದಲಿನಿಂದ ಮತ್ತೆ ಕಟ್ಟಿದರು. ಪ್ರೋಟಾನಿಗೆ ಉದ್ರಿಕ್ತ ಸ್ಥಿತಿಗಳಿರಬಹುದು, ವಿದ್ಯುದಂಶ ಇಮ್ಮಡಿಯಾದ ಭಾರಕಣಗಳೂ ಇರಬಹುದು ಎಂಬ ಊಹೆಯನ್ನು 1940ರಲ್ಲಿ ರಾಮನ್ನರ ಅಕಾಡೆಮಿಯ ಪತ್ರಿಕೆಯಲ್ಲಿ ಮಂಡಿಸಿದರು. ಹನ್ನೆರಡು ವರ್ಷಗಳ ಮೇಲೆ ಫರ್ಮಿಯವರ ತಂಡ ಶಿಕಾಗೋದಲ್ಲಿ ಅಂತಹ ಕಣದ ಗುರುತನ್ನೇ ಕಂಡಿತು. ಮುಖ್ಯ ತೊಡಕು ಮಾತ್ರ ಹಾಗೆಯೇ ಉಳಿಯಿತು.

ಅದು ಬಿಡಿಸಿಕೊಂಡದ್ದು 1947ರಲ್ಲಿ, ಅಷ್ಟರಲ್ಲಿ ಭಾಭಾ ಅವರು ಬೆಂಗಳೂರನ್ನು ಬಿಟ್ಟಾಗಿತ್ತು. ಇಂಗಾಲದಲ್ಲಿ ನಿಂತ ಋಣ ಮೆಸಾನುಗಳನ್ನು ನ್ಯೂಕ್ಲಿಯಸ್ಸುಗಳು ನುಂಗುವುದಿಲ್ಲವೆಂದು ರೋಮಿನಲ್ಲಿ ಮೂವರು ಇಟಲಿಯ ತರುಣರು ತೋರಿಸಿದರು. ಬ್ರಿಸ್ಟಲ್ಲಿನಲ್ಲಿ ಪವೆಲ್ಲರ ತಂಡ ಪರ್ವತಶಿಖರಗಳಲ್ಲಿ ಇರಿಸಿ ತಂದ ಛಾಯಾಚಿತ್ರ ಫಲಕಗಳಲ್ಲಿ ಒಂದು ಮೆಸಾನು ಇನ್ನೊಂದಾಗಿ ಮಾರ್ಪಡುವ ಗೆರೆಗಳನ್ನು ಕಂಡಿತು. ಕಣಗಳು ಎರಡಿದ್ದವು! ಎಲೆಕ್ಟ್ರಾನಿನ 273 ಪಟ್ಟು ತೂಕದ ಪಯಾನು ಯುಕಾವಾ ಊಹಿಸಿದ ಬಲವಾಹಕ. 207 ಪಟ್ಟು ತೂಕದ ಮ್ಯೂಆನು ಅದರ ಸಂತಾನ. ಬೆಂಗಳೂರಿನ ಆಕಾಶದಲ್ಲಿ ಗಣಕಗಳನ್ನು ಮಿಡಿಸಿದ್ದು ಬಹುಮಟ್ಟಿಗೆ ಈ ಎರಡನೆಯದು. ಅದಕ್ಕೆ ಬೈಜಿಕ ಬಲದ ಗಂಧವೇ ಇಲ್ಲ. ಅದು ಭಾರವಾದ ಎಲೆಕ್ಟ್ರಾನು, ಅಷ್ಟೆ. (ಕಲ್ಕತ್ತೆಯ ಡಿ. ಎಂ. ಬೋಸ್ ಮತ್ತು ಬಿಭಾ ಚೌಧುರಿ ಅವರು 1940ರ ದಶಕದ ಆರಂಭದಲ್ಲಿಯೇ ಇದೇ ಫಲಕಗಳ ದಾರಿಯನ್ನು ಹಿಡಿದು ಮೆಸಾನುಗಳ ತೂಕವನ್ನು ಅಳೆದಿದ್ದರು. ಯುದ್ಧಕಾಲದಲ್ಲಿ ಉತ್ತಮ ಫಲಕಗಳು ಅವರ ಕೈಗೆ ಸಿಗಲಿಲ್ಲ. ಚೌಧುರಿಯವರನ್ನು ಭಾಭಾ ಅವರು ಮುಂದೆ ತಮ್ಮ ಸಂಸ್ಥೆಗೆ ಕರೆಸಿಕೊಂಡರು.) ಮೆಸಾನ್ ಎಂಬ ಹೆಸರು ಕೊನೆಗೆ ಪಯಾನಿನ ಕುಲಕ್ಕೆ ಸಂದಿತು, ಮ್ಯೂಆನು ಆ ಹೆಸರನ್ನು ಕಳೆದುಕೊಂಡಿತು.

ಹಾಗಾದರೆ ಆರು ವರ್ಷಗಳ ಎಣಿಕೆ ವ್ಯರ್ಥವಾಯಿತೆ? ನ್ಯೂಕ್ಲಿಯಸ್ಸಿನ ಅಂಟು ಆಗಲಾರದ ಮ್ಯೂಆನು ಅದರ ಅಳತೆಗೋಲಾಯಿತು. ಅಂಟಾಗದಿರುವ ಗುಣವೇ ಅದನ್ನು ಒಳ್ಳೆಯ ಅಳತೆಗೋಲನ್ನಾಗಿ ಮಾಡಿತು. ಋಣ ಮ್ಯೂಆನು ಪರಮಾಣುವಿನಲ್ಲಿ ಸಿಕ್ಕಿಕೊಂಡಾಗ ಎಲೆಕ್ಟ್ರಾನಿನಂತೆಯೇ ನ್ಯೂಕ್ಲಿಯಸ್ಸನ್ನು ಸುತ್ತುತ್ತದೆ. ಆದರೆ 207 ಪಟ್ಟು ಭಾರವಾದ ಕಾರಣ ಅಷ್ಟೇ ಪಟ್ಟು ಹತ್ತಿರ ಇಳಿದು, ಸೀಸದಂತಹ ಪರಮಾಣುವಿನಲ್ಲಿ ತನ್ನ ಕಾಲದ ಬಹುಭಾಗವನ್ನು ನ್ಯೂಕ್ಲಿಯಸ್ಸಿನ ಒಳಗೇ ಕಳೆಯುತ್ತದೆ. ಒಳಕಕ್ಷೆಗೆ ಇಳಿಯುವಾಗ ಹೊಮ್ಮುವ ಎಕ್ಸ್ ಕಿರಣದ ಶಕ್ತಿಯನ್ನು ಅಳೆದರೆ ನ್ಯೂಕ್ಲಿಯಸ್ಸಿನ ಗಾತ್ರ ಹೊರಬೀಳುತ್ತದೆ. ಸೀಸದ ನ್ಯೂಕ್ಲಿಯಸ್ಸು ಒಂದು ಬಿಂದುವಾಗಿದ್ದರೆ ಆ ಶಕ್ತಿ ಸುಮಾರು 16 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಇರಬೇಕಾಗಿತ್ತು. 1953ರಲ್ಲಿ ಅಮೆರಿಕದ ಫಿಚ್ ಮತ್ತು ರೇನ್‌ವಾಟರ್ ಅವರಿಗೆ ದೊರೆತದ್ದು ಸುಮಾರು 6 ಮಾತ್ರ. ಅದರಿಂದ ಲೆಕ್ಕ ಮಾಡಿದಾಗ ನ್ಯೂಕ್ಲಿಯಸ್ಸುಗಳ ತ್ರಿಜ್ಯ ಅಲ್ಲಿಯವರೆಗೆ ನಂಬಿದ್ದಕ್ಕಿಂತ ಏಳರಲ್ಲಿ ಒಂದು ಪಾಲು ಕಡಮೆ ಎಂದು ತಿಳಿಯಿತು. ತ್ರಿಜ್ಯದಲ್ಲಿ ಇದು ಅಲ್ಪವೆನಿಸಬಹುದು. ಸಾಂದ್ರತೆಯ ಲೆಕ್ಕದಲ್ಲಿ ಬೈಜಿಕ ದ್ರವ್ಯ ಒಂದೂವರೆ ಪಟ್ಟಿಗೂ ಹೆಚ್ಚು ಗಟ್ಟಿಯಾಯಿತು. ಈಗಿನ ಗಣನೆಯಂತೆ ಆ ದ್ರವ್ಯದ ಒಂದು ಘನ ಸೆಂಟಿಮೀಟರು ಸುಮಾರು 27 ಕೋಟಿ ಟನ್ ತೂಗುತ್ತದೆ.

ಅದೇ ಕಾಲದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹಾಫ್‌ಸ್ಟಾಟರ್ ಅವರು ವೇಗದ ಎಲೆಕ್ಟ್ರಾನುಗಳನ್ನು ನ್ಯೂಕ್ಲಿಯಸ್ಸುಗಳ ಮೇಲೆ ಚದರಿಸಿ, ಗಾತ್ರದ ಜೊತೆಗೆ ಒಳಗಿನ ಹಂಚಿಕೆಯನ್ನೂ ಚಿತ್ರಿಸಿದರು. ಭಾರವಾದ ನ್ಯೂಕ್ಲಿಯಸ್ಸಿನ ಒಡಲು ಎಲ್ಲೆಡೆ ಸಮನಾಗಿದೆ. ಅಂಚು ಮಾತ್ರ ಗೋಲಿಯಂತೆ ಕಡಿದಾಗಿರದೆ ಮಂಜಿನಂತೆ ತೆಳುವಾಗುತ್ತ ಹೋಗುತ್ತದೆ, ಆ ಅಂಚಿನ ದಪ್ಪ ಎಲ್ಲ ನ್ಯೂಕ್ಲಿಯಸ್ಸುಗಳಲ್ಲಿಯೂ ಹೆಚ್ಚುಕಡಮೆ ಒಂದೇ. ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಯುರೇನಿಯಮ್ಮಿನ ನ್ಯೂಕ್ಲಿಯಸ್ಸು ಏಕೆ ಹೋಳಾಗುತ್ತದೆ ಎಂಬುದೂ ಈ ಹನಿಯ ಗುಣಕ್ಕೇ ಸೇರಿದ ಪ್ರಶ್ನೆ: ಮೇಲ್ಮೈಯ ಬಿಗಿ ಒಂದು ಕಡೆ ಎಳೆದರೆ ಪ್ರೋಟಾನುಗಳ ಪರಸ್ಪರ ವಿಕರ್ಷಣೆ ಇನ್ನೊಂದು ಕಡೆ ತಳ್ಳುತ್ತದೆ. 1949ರಲ್ಲಿ ಭಾಭಾ ಅವರ ಸಂಸ್ಥೆಯನ್ನು ಸೇರಿದ ತುಮಕೂರಿನ ರಾಜಾ ರಾಮಣ್ಣ ಅವರು ತಮ್ಮ ಸಂಶೋಧನೆಯ ಬಹುಭಾಗವನ್ನು ಮೀಸಲಿಟ್ಟದ್ದು ಈ ವಿದಳನಕ್ಕೇ.

ಅಳತೆಗಳು ಇನ್ನೂ ಮುಗಿದಿಲ್ಲ. 2010ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಹೈಡ್ರೋಜನ್ನಿಗೆ ಮ್ಯೂಆನನ್ನು ಕಟ್ಟಿ ಪ್ರೋಟಾನಿನ ತ್ರಿಜ್ಯವನ್ನು ಅಳೆದಾಗ, ಹಿಂದಿನ 0.88 ಫರ್ಮಿಗೆ ಬದಲಾಗಿ 0.84 ಫರ್ಮಿ ಬಂದು ಲೋಕವೆಲ್ಲ ಚರ್ಚಿಸುವಂತಾಯಿತು. ತರುವಾಯದ ಪ್ರಯೋಗಗಳು ಹೆಚ್ಚಾಗಿ ಮ್ಯೂಆನಿನ ಪಕ್ಷವನ್ನೇ ವಹಿಸಿವೆ. (ಸೆಂಟಿಮೀಟರಿನ ಹತ್ತು ಲಕ್ಷ ಕೋಟಿಯ ಒಂದು ಪಾಲಿಗೆ ಫರ್ಮಿಯವರ ಹೆಸರನ್ನೇ ಇಟ್ಟಿದ್ದಾರೆ.) ವಿದ್ಯುದಂಶವಿಲ್ಲದ ನ್ಯೂಟ್ರಾನುಗಳು ಎಲ್ಲಿಯವರೆಗೆ ಹರಡಿವೆ ಎಂಬುದನ್ನು ಅಳೆಯುವುದು ಇನ್ನೂ ಕಷ್ಟ. ಸೀಸದಲ್ಲಿ ನ್ಯೂಟ್ರಾನುಗಳ ತೊಗಲು ಪ್ರೋಟಾನುಗಳಿಗಿಂತ ಸುಮಾರು 0.28 ಫರ್ಮಿ ಹೊರಚಾಚಿದೆಯೆಂದು 2021ರಲ್ಲಿ ಅಮೆರಿಕದ ಜೆಫರ್‌ಸನ್ ಪ್ರಯೋಗಾಲಯ ವರದಿ ಮಾಡಿತು. ಮರುವರ್ಷ ಕ್ಯಾಲ್ಸಿಯಮ್ಮಿನಲ್ಲಿ ಅದು ತೀರ ತೆಳುವಾಗಿ ಕಂಡಿತು. ಎರಡನ್ನೂ ಒಂದೇ ಸಿದ್ಧಾಂತದಲ್ಲಿ ಹೊಂದಿಸುವುದು ಸುಲಭವಾಗಿಲ್ಲ. ಆ ತೊಗಲಿನ ದಪ್ಪ ನ್ಯೂಟ್ರಾನ್ ದ್ರವ್ಯದ ಒತ್ತಡವನ್ನು ಹೇಳುತ್ತದೆ. ಆ ಒತ್ತಡವೇ ಹತ್ತಾರು ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರಗಳ ಗಾತ್ರವನ್ನೂ ನಿರ್ಧರಿಸುತ್ತದೆ.

ಮತ್ತೆ ಜೀವನಕ್ಕೆ ಬರೋಣ. 1944ರ ಮಾರ್ಚ್ 12ರಂದು ಬೆಂಗಳೂರಿನಿಂದ ಭಾಭಾ ಅವರು ಟಾಟಾ ಟ್ರಸ್ಟಿನ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಮೂಲಭೂತ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ಕೋರಿದರು. ಇನ್ನೆರಡು ದಶಕಗಳಲ್ಲಿ ಬೈಜಿಕ ಶಕ್ತಿ ವಿದ್ಯುತ್ತಿಗೆ ಬಳಕೆಯಾದಾಗ ಭಾರತವು ತಜ್ಞರಿಗಾಗಿ ಹೊರಗೆ ನೋಡುವಂತಾಗಬಾರದೆಂದು ಅದರಲ್ಲಿ ವಾದಿಸಿದ್ದರು. ಹಿರೋಷಿಮಾಕ್ಕೆ ಆಗ ಇನ್ನೂ ಒಂದು ವರ್ಷದ ಮೇಲಿತ್ತು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಕೆಲಸ ಆರಂಭಿಸಿತು. ಡಿಸೆಂಬರಿನಲ್ಲಿ ಅದು ಮುಂಬಯಿಗೆ, ಭಾಭಾ ಅವರು ಹುಟ್ಟಿದ್ದ ಕೆನಿಲ್‌ವರ್ತ್ ಬಂಗಲೆಗೆ, ಸ್ಥಳಾಂತರವಾಯಿತು. ಬೆಂಗಳೂರಿಗೆ ಅದು ದೊಡ್ಡ ನಷ್ಟವೇ ಸರಿ.

ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಸ್ಥಾನ, 1955ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ, 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು. ಕಟ್ಟಡಗಳ ನಕ್ಷೆ, ತೋಟದ ಮರಗಳು, ಗೋಡೆಯ ಚಿತ್ರಗಳು, ಎಲ್ಲವನ್ನೂ ಸ್ವತಃ ನೋಡುತ್ತಿದ್ದರು. ಇದರ ಬೆಲೆಯನ್ನೂ ತೆರಬೇಕಾಯಿತು. 1950ರ ದಶಕದ ನಡುವಿನ ಹೊತ್ತಿಗೆ ಅವರ ಸ್ವಂತ ಸಂಶೋಧನಾ ಪ್ರಬಂಧಗಳು ಬಹುತೇಕ ನಿಂತುಹೋದವು. ಬೆಂಗಳೂರಿನ ಭಾಭಾ ಇನ್ನು ಹತ್ತು ವರ್ಷ ಹಾಗೆಯೇ ಮುಂದುವರಿದಿದ್ದರೆ ಭೌತವಿಜ್ಞಾನಕ್ಕೆ ಏನು ದೊರೆಯುತ್ತಿತ್ತೆಂದು ಯೋಚಿಸದೆ ಇರಲಾಗುವುದಿಲ್ಲ. ದೇಶಕ್ಕೆ ಏನು ತಪ್ಪುತ್ತಿತ್ತೆಂಬುದನ್ನೂ ಅದರೊಡನೆಯೇ ಯೋಚಿಸಬೇಕು.

ಮ್ಯೂಆನನ್ನು ಮಾತ್ರ ಅವರು ಕೈಬಿಡಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿ 1948ರಲ್ಲಿ ತಮ್ಮ ಸಂಸ್ಥೆಯನ್ನು ಸೇರಿದ್ದ ಬಿ. ವಿ. ಶ್ರೀಕಂಠನ್ ಅವರನ್ನು 1951ರಲ್ಲಿ ಗಣಕಗಳೊಡನೆ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಬೆಂಗಳೂರಿನಲ್ಲಿ ಮೇಲಕ್ಕೆ ಹತ್ತಿ ಎಣಿಸಿದ್ದನ್ನು ಅಲ್ಲಿ ಕೆಳಕ್ಕೆ ಇಳಿದು ಎಣಿಸುವುದು ಕೆಲಸ. ಆಳ ಹೆಚ್ಚಿದಂತೆ ಎಣಿಕೆ ಕುಗ್ಗುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಅತಿ ಆಳದ ಮಟ್ಟದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಬರಲಿಲ್ಲ. ಅಷ್ಟು ನಿಶ್ಶಬ್ದವಾದ ಸ್ಥಳ ನ್ಯೂಟ್ರಿನೋಗಳನ್ನು ಹಿಡಿಯುವುದಕ್ಕೆ ತಕ್ಕದ್ದೆಂದು ಗೊತ್ತಾದದ್ದು ಹಾಗೆ. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಕೋಲಾರದಲ್ಲಿಯೂ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಮೊದಲ ಬಾರಿಗೆ ದೊರೆಯಿತು.

ಆ ಸುದ್ದಿಯನ್ನು ಕೇಳುವಷ್ಟು ಕಾಲ ಭಾಭಾ ಅವರಿಗೆ ದೊರೆಯಿತು. 1966ರ ಜನವರಿ 24ರಂದು, ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ಅವರು ಪ್ರಯಾಣ ಮಾಡುತ್ತಿದ್ದ ಏರ್ ಇಂಡಿಯಾದ ಕಾಂಚನಜಂಗಾ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ಅವರಿಗೆ ಐವತ್ತಾರು ವರ್ಷ, ಅವಿವಾಹಿತರಾಗಿದ್ದರು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಭಾಭಾ ಕಟ್ಟಿದ ಸಂಸ್ಥೆಯ ನಿರ್ದೇಶಕರಾಗಿದ್ದು, ತರುವಾಯ ಬೆಂಗಳೂರಿಗೆ ಹಿಂದಿರುಗಿ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜಾ ರಾಮಣ್ಣ ಅವರು ಸ್ಥಾಪಕ ನಿರ್ದೇಶಕರಾಗಿದ್ದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ 2019ರಲ್ಲಿ ತೀರಿಕೊಳ್ಳುವವರೆಗೂ ಒಡನಾಟವಿಟ್ಟುಕೊಂಡಿದ್ದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.